ತೈವಾನಿಗೆ ಒಂದು ಅಪ್ರದಕ್ಷಿಣೆ

ಹಿಂದಿನಿಂದ ಲಾರಿ ಬರುತ್ತಿರುವುದು ಮೊದಲು ಗೊತ್ತಾಗುವುದು ಸದ್ದಿನಿಂದ. ಸವಾರ ಸೈಕಲನ್ನು ರಸ್ತೆಯ ಅಂಚಿಗೆ ಸರಿಸಿ, ಹಾರನ್ನಿಗೋ ಬೈಗುಳಕ್ಕೋ ಕಿವಿ ಗಟ್ಟಿ ಮಾಡಿಕೊಳ್ಳುತ್ತಾನೆ. ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ಇದು ಮೈಗೂಡಿದ ಅಭ್ಯಾಸ. ಲಾರಿ ಪಕ್ಕಕ್ಕೆ ಬರುತ್ತದೆ. ಕಿಟಕಿಯಿಂದ ಒಂದು ಕೈ ಹೊರಬಂದು ಹೆಬ್ಬೆರಳೆತ್ತುತ್ತದೆ. 'ಜ್ಯಾ ಯೌ!' ಎಂಬ ಕೂಗು ಕೇಳಿಸುತ್ತದೆ. ಲಾರಿ ತಿರುವಿನಲ್ಲಿ ಮರೆಯಾಗುತ್ತದೆ.

'ಜ್ಯಾ ಯೌ' ಎಂದರೆ 'ಎಣ್ಣೆ ಹಾಕು'. ತೈವಾನಿನಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುವುದಕ್ಕೂ ಇದೇ ಮಾತು, ಪರೀಕ್ಷೆಗೆ ಹೊರಟ ಹುಡುಗನ ಬೆನ್ನು ತಟ್ಟುವುದಕ್ಕೂ ಇದೇ ಮಾತು. ದಕ್ಷಿಣ ತುದಿಯ ಶೌಖಾ ಘಾಟಿಯನ್ನು ಹತ್ತುವವರಿಗೆ ಇದು ಹತ್ತಾರು ಸಲ ಕೇಳಿಸುತ್ತದೆ. ಘಾಟಿಯ ಎತ್ತರವೇನೂ ದೊಡ್ಡದಲ್ಲ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್. ನಮ್ಮ ಆಗುಂಬೆಯ ಮುಂದೆ ತಮ್ಮ. ಆದರೆ ಅದೇ ಬೆಳಿಗ್ಗೆ ಕಡಲ ದಂಡೆಯಿಂದ ಹೊರಟು, ಅದಕ್ಕೂ ಮುಂಚೆ ನಾಲ್ಕೈದು ದಿನ ತುಳಿದು ಬಂದ ತೊಡೆಗಳಿಗೆ ಅದು ಆಗುಂಬೆಗಿಂತ ದೊಡ್ಡದಾಗಿಯೇ ಕಾಣುತ್ತದೆ. ಹತ್ತುತ್ತಿರುವವರೆಲ್ಲ ಕ್ರೀಡಾಪಟುಗಳೂ ಅಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ರಜೆ ಹಾಕಿ ಬಂದ ನರ್ಸುಗಳು, ಮಗನ ಒತ್ತಾಯಕ್ಕೆ ಹೊರಟ ತಂದೆಯರು. ಮುಂದೊಬ್ಬ ಮಾರ್ಗದರ್ಶಿ, ಹಿಂದೊಬ್ಬ ಮಾರ್ಗದರ್ಶಿ, ಅವರ ಹಿಂದೆ ಸಾಮಾನು ತುಂಬಿದ ವ್ಯಾನು.

ಈ ಪ್ರಯಾಣಕ್ಕೆ ಅಲ್ಲಿನವರು 'ಹ್ವಾನ್‌ದಾವ್' ಅನ್ನುತ್ತಾರೆ, ಅಂದರೆ ದ್ವೀಪವನ್ನು ಸುತ್ತುವುದು. ಕನ್ನಡದಲ್ಲಿ ಥಟ್ಟನೆ 'ಪ್ರದಕ್ಷಿಣೆ' ಎಂಬ ಮಾತು ಬಾಯಿಗೆ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಅಪ್ರದಕ್ಷಿಣೆ. ಪ್ರದಕ್ಷಿಣೆಯಲ್ಲಿ ಗುಡಿ ಬಲಕ್ಕಿರಬೇಕು. ಇಲ್ಲಿ ದ್ವೀಪ ಎಡಕ್ಕಿರುತ್ತದೆ, ಬಲಕ್ಕೆ ಕಡಲು. ತೈಪೆಯಿಂದ ಹೊರಟು ಪಶ್ಚಿಮ ಕರಾವಳಿಯಲ್ಲಿ ಕೆಳಗಿಳಿದು, ದಕ್ಷಿಣದಲ್ಲಿ ಬೆಟ್ಟ ದಾಟಿ, ಪೂರ್ವ ಕರಾವಳಿಯಲ್ಲಿ ಮೇಲೇರಿ ಬರುವುದು ವಾಡಿಕೆ. ಕಾರಣ ಸರಳ. ತೈವಾನಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಈ ದಿಕ್ಕಿನಲ್ಲಿ ಸುತ್ತಿದರೆ ಸೈಕಲ್ಲು ಸದಾ ಕಡಲ ಬದಿಯ ಅಂಚಿನಲ್ಲೇ ಇರುತ್ತದೆ, ಸಮುದ್ರ ನೋಡಲು ಎರಡು ಸಾಲು ಲಾರಿಗಳ ಆಚೆ ಕತ್ತು ಚಾಚಬೇಕಾಗಿಲ್ಲ.

ದ್ವೀಪ ಚಿಕ್ಕದೇ. ವಿಸ್ತೀರ್ಣ ಸುಮಾರು 36 ಸಾವಿರ ಚದರ ಕಿಲೋಮೀಟರ್, ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಅದರೊಳಗೆ ಮೂರು ಸಾವಿರ ಮೀಟರ್ ಮೀರಿದ ಶಿಖರಗಳೇ ಇನ್ನೂರಕ್ಕೂ ಹೆಚ್ಚಿವೆ. ನಡುವೆ ಬೆಟ್ಟ ತುಂಬಿಕೊಂಡಿರುವುದರಿಂದ ಸಾಮಾನ್ಯ ಸವಾರನಿಗೆ ಉಳಿಯುವುದು ಅಂಚು ಮಾತ್ರ. ಆ ಅಂಚಿನ ಸುತ್ತಳತೆ ಒಂಬತ್ತು ನೂರು ಚಿಲ್ಲರೆ ಕಿಲೋಮೀಟರ್. ದಿನಕ್ಕೆ ನೂರರಂತೆ ಒಂಬತ್ತು ದಿನ. ಹೆಚ್ಚಿನ ಪ್ರವಾಸ ತಂಡಗಳ ಲೆಕ್ಕಾಚಾರ ಇದೇ.

ಹೀಗೆ ಸುತ್ತುವುದು ತೀರಾ ಹಳೆಯ ಪರಂಪರೆಯೇನಲ್ಲ. ಸೈಕಲ್ಲಿಗೆ ಅಲ್ಲಿನ ಹಳಬರು 'ಕಬ್ಬಿಣದ ಕುದುರೆ' ಎಂಬ ಅರ್ಥದ ಮಾತು ಬಳಸುತ್ತಿದ್ದರು. ಹೊಲಕ್ಕೆ, ಸಂತೆಗೆ, ಶಾಲೆಗೆ ಹೋಗುವ ಕುದುರೆ ಅದು. ಸ್ಕೂಟರ್ ಬಂದ ಮೇಲೆ ಮೂಲೆ ಸೇರಿತ್ತು. 2006ರಲ್ಲಿ ನಿರ್ದೇಶಕ ಚೆನ್ ಹ್ವಾಯ್-ಎನ್ ಒಂದು ಚಿತ್ರ ಮಾಡಿದರು. ಕಿವಿ ಕೇಳಿಸದ ವಿದ್ಯಾರ್ಥಿಯೊಬ್ಬ ಬೆನ್ನಿಗೆ ಗಿಟಾರ್ ಕಟ್ಟಿಕೊಂಡು ಸೈಕಲ್ಲಿನಲ್ಲಿ ದ್ವೀಪ ಸುತ್ತುವ ಕಥೆ. 'ಐಲ್ಯಾಂಡ್ ಎಟ್ಯೂಡ್' ಎಂಬುದು ಅದರ ಇಂಗ್ಲಿಷ್ ಹೆಸರು. ಆ ಚಿತ್ರದಿಂದ ಪ್ರೇರಿತರಾದವರಲ್ಲಿ ಕಿಂಗ್ ಲಿಯು ಒಬ್ಬರು. ಬಿರುಗಾಳಿಗೆ ಹಾವುಮೀನಿನ ಸಾಕಣೆ ಕಳೆದುಕೊಂಡು, 1972ರಲ್ಲಿ ತೈಚುಂಗ್ ಬಳಿ ಗೆಳೆಯರೊಡನೆ 'ಜೈಂಟ್' ಸೈಕಲ್ ಕಂಪನಿ ಕಟ್ಟಿದ ಉದ್ಯಮಿ. ಪರದೇಶದ ಬ್ರ್ಯಾಂಡುಗಳಿಗೆ ಸೈಕಲ್ ಮಾಡಿಕೊಟ್ಟು ಬೆಳೆದು, ಕೊನೆಗೆ ತನ್ನ ಹೆಸರಿನಲ್ಲೇ ಜಗತ್ತಿಗೆ ಮಾರಿದ ಕಂಪನಿ ಅದು. ವಿಚಿತ್ರವೆಂದರೆ ಲಕ್ಷಾಂತರ ಸೈಕಲ್ ಮಾರಿದ ಮನುಷ್ಯ ಅಷ್ಟು ದೂರ ಸೈಕಲ್ ತುಳಿದೇ ಇರಲಿಲ್ಲ. 2007ರಲ್ಲಿ, 73ನೇ ವಯಸ್ಸಿನಲ್ಲಿ, ಹೊರಟರು. 15 ದಿನಗಳಲ್ಲಿ 927 ಕಿಲೋಮೀಟರ್. ಎಂಬತ್ತು ತುಂಬಿದಾಗ ಇನ್ನೊಮ್ಮೆ ಸುತ್ತಿ ಬಂದರು, ಆಗ ಮೊದಲಿಗಿಂತ ಕಡಿಮೆ ದಿನ ಹಿಡಿಯಿತು.

ಅಜ್ಜ ಸುತ್ತಿದ ಮೇಲೆ ಮೊಮ್ಮಕ್ಕಳು ಮನೆಯಲ್ಲಿ ಕೂರುವುದು ಹೇಗೆ? 2009ರಲ್ಲಿ ಕಂಪನಿಯೇ ಸೈಕಲ್ ಪ್ರವಾಸಕ್ಕೆಂದು ಬೇರೆ ಸಂಸ್ಥೆ ತೆರೆಯಿತು. 2015ರ ಕೊನೆಯಲ್ಲಿ ಸರ್ಕಾರ ದ್ವೀಪವನ್ನು ಸುತ್ತುವರಿಯುವ '1ನೇ ಸಂಖ್ಯೆಯ ಸೈಕಲ್ ಮಾರ್ಗ'ಕ್ಕೆ ಫಲಕ, ಗುರುತು ಹಾಕಿ ಮುಗಿಸಿತು. ಮಾರ್ಗ ಎಂದ ಕೂಡಲೇ ಸೈಕಲ್ಲಿಗೇ ಮೀಸಲಾದ ರಸ್ತೆ ಎಂದು ಕಲ್ಪಿಸಿಕೊಳ್ಳಬಾರದು. ಬಹುಪಾಲು ಅದು ಹೆದ್ದಾರಿಯ ಅಂಚಿನ ಒಂದು ಪಟ್ಟಿ. ಕೆಲವು ಕಡೆ ಗದ್ದೆ ನಡುವಿನ ದಾರಿ, ಕೆಲವು ಕಡೆ ಹಳೆಯ ರೈಲುಹಾದಿ.

ಮಾರ್ಗದರ್ಶಿಯ ತಂಡ ಎಂದರೆ ನಿಜಕ್ಕೂ ಏನು? ಹೊರಡುವ ಮುನ್ನ ಸೈಕಲ್ ಅಳತೆ ನಡೆಯುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಮಂಡಿ ನೇರವಾಗಬೇಕು. ಆಗ ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿ ಉಳಿಯುತ್ತದೆ. ಊರಲ್ಲಿ ಎರಡೂ ಕಾಲು ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಂಡು ಓಡಿಸಿದವರಿಗೆ ಇದು ಮರದ ಮೇಲೆ ಕೂತ ಹಾಗಿರುತ್ತದೆ. ಮೊದಲ ದಿನ ಗೊಣಗುತ್ತಾರೆ. ಮೂರನೇ ದಿನ, ಸೀಟು ತಗ್ಗಿಸಿಕೊಂಡವರ ಮಂಡಿ ಗೊಣಗುತ್ತದೆ.

ರಸ್ತೆಗಿಳಿದ ಮೇಲೆ ನಿಯಮಗಳು ಕೆಲವೇ. ಒಂದೇ ಸಾಲು. ಮುಂದಾಳುವನ್ನು ಯಾರೂ ದಾಟುವಂತಿಲ್ಲ. ಹಿಂಗಾವಲಿನವನಿಗಿಂತ ಹಿಂದೆ ಯಾರೂ ಬೀಳುವಂತಿಲ್ಲ, ಬೀಳಲಾಗುವುದೂ ಇಲ್ಲ, ಏಕೆಂದರೆ ಕೊನೆಯ ಸವಾರ ಎಷ್ಟು ನಿಧಾನವೋ ಅವನೂ ಅಷ್ಟೇ ನಿಧಾನ. ಮುಂದಾಳು ನೆಲದತ್ತ ಬೆರಳು ತೋರಿದರೆ ಗುಂಡಿ, ಅಂಗೈ ಹಿಂದಕ್ಕೆ ಬಿಚ್ಚಿದರೆ ನಿಧಾನ, ಮುಷ್ಟಿ ಎತ್ತಿದರೆ ನಿಲ್ಲು. ಆ ಸನ್ನೆ ಸಾಲಿನ ತುದಿಯವರೆಗೂ ಒಬ್ಬರಿಂದೊಬ್ಬರಿಗೆ ಹೋಗಬೇಕು. ನಡುವೆ ಒಬ್ಬ ಮೈಮರೆತರೂ ಹಿಂದಿನವನ ಚಕ್ರ ಗುಂಡಿಯಲ್ಲಿರುತ್ತದೆ. ಒಂದೆರಡು ಗಂಟೆಗೊಮ್ಮೆ ವ್ಯಾನು ಮುಂದೆ ಹೋಗಿ ಮರದ ನೆರಳು ಹುಡುಕಿ ಡಿಕ್ಕಿ ತೆರೆದು ನಿಂತಿರುತ್ತದೆ: ಬಾಳೆಹಣ್ಣು, ನೀರು, ಉಪ್ಪಿನ ಬಿಸ್ಕತ್ತು, ಟ್ಯೂಬು, ಪಂಪು, ಚೈನಿಗೆ ಎಣ್ಣೆ.

ಪಂಕ್ಚರ್ ಆದಾಗ ಈ ವ್ಯವಸ್ಥೆಯ ನಿಜಗುಣ ಕಾಣುತ್ತದೆ. ಹಿಂಗಾವಲಿನವನು ಇಳಿದು, ಚಕ್ರ ಬಿಚ್ಚಿ, ಹಳೆಯ ಟ್ಯೂಬನ್ನು ಎಳೆದು ಹಾಕಿದ ಕೂಡಲೇ ಹೊಸದನ್ನು ಕೂರಿಸುವುದಿಲ್ಲ. ಟೈರಿನ ಒಳಮೈಗೆ ಬೆರಳು ಆಡಿಸಿ, ಕಣ್ಣಿಗೆ ಬೀಳದಷ್ಟು ಸಣ್ಣ ತಂತಿಯ ಚೂರನ್ನು ಹುಡುಕಿ ತೆಗೆಯುತ್ತಾನೆ. ಲಾರಿ ಟೈರು ಸಿಡಿದಾಗ ರಸ್ತೆಯಲ್ಲಿ ಚೆಲ್ಲುವ ತಂತಿ ಅದು. ಅದನ್ನು ಬಿಟ್ಟು ಟ್ಯೂಬು ಬದಲಿಸಿದರೆ ಇನ್ನೊಂದು ಕಿಲೋಮೀಟರಿನಲ್ಲಿ ಮತ್ತೆ ಅದೇ ಕಥೆ. ಹತ್ತು ನಿಮಿಷದ ಈ ಕೆಲಸ ನಡೆಯುವಾಗ ಸವಾರ ಸೊಂಟದ ಮೇಲೆ ಕೈಯಿಟ್ಟು ಸಮುದ್ರ ನೋಡುತ್ತಿರುತ್ತಾನೆ. ದುಡ್ಡು ಕೊಟ್ಟಿರುವುದು ಇದಕ್ಕೇ ಎಂದರೂ ತಪ್ಪಿಲ್ಲ.

ಒಬ್ಬರೇ ಹೊರಟರೆ ಆಗದೇ ಎಂದು ಕೇಳುವವರಿದ್ದಾರೆ. ಖಂಡಿತ ಆಗುತ್ತದೆ. ಪ್ರತಿ ಬೇಸಿಗೆಯಲ್ಲೂ ಕಾಲೇಜು ಹುಡುಗರು ಹಾಗೇ ಹೋಗುತ್ತಾರೆ. ದಾರಿಯುದ್ದಕ್ಕೂ ಅನೇಕ ಪೊಲೀಸ್ ಠಾಣೆಗಳೇ ಸೈಕಲ್ ತಂಗುದಾಣಗಳು. ನೀರು, ಶೌಚಾಲಯ, ಚಕ್ರಕ್ಕೆ ಗಾಳಿ, ಸ್ಪ್ಯಾನರು ಎಲ್ಲ ಅಲ್ಲೇ. ಠಾಣೆಯ ಮೆಟ್ಟಿಲು ಹತ್ತಿ ಪಂಪು ಕೇಳುವುದು ಕರ್ನಾಟಕದವರಿಗೆ ತುಸು ಮುಜುಗರದ ಸಂಗತಿ, ಅಲ್ಲಿ ಯಾರೂ ತಲೆ ಎತ್ತಿ ನೋಡುವುದೂ ಇಲ್ಲ. ದೇಶದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಇರುವ, ಹಗಲೂ ರಾತ್ರಿ ತೆರೆದ ಸಣ್ಣ ಅಂಗಡಿಗಳು ಇನ್ನೊಂದು ಆಸರೆ. ಚಹಾ ಮತ್ತು ಮಸಾಲೆಯಲ್ಲಿ ಕುದಿಯುವ ಮೊಟ್ಟೆಯ ವಾಸನೆ ಬಾಗಿಲಲ್ಲೇ ಬರುತ್ತದೆ. ಭಾಷೆ ಬಾರದವರಿಗೆ, ವಯಸ್ಸಾದವರಿಗೆ, ಮೊದಲ ಸಲ ನೂರು ಕಿಲೋಮೀಟರ್ ತುಳಿಯುವವರಿಗೆ ಮಾತ್ರ ತಂಡವೇ ಸರಿ.

ಪಶ್ಚಿಮ ಕರಾವಳಿಯ ನಾಲ್ಕು ದಿನಗಳನ್ನು ಚಂದ ಎಂದು ಹೇಳುವುದು ಸುಳ್ಳಾದೀತು. ನೆಲ ಸಮತಟ್ಟು, ಊರಿಗೆ ಊರು ಅಂಟಿದೆ, ಕಾರ್ಖಾನೆ, ಗದ್ದೆ, ಮತ್ತೆ ಕಾರ್ಖಾನೆ. ಸ್ಕೂಟರುಗಳ ಪ್ರವಾಹ. ಭಾರತೀಯರಿಗೆ ಇಲ್ಲೊಂದು ಪಾಠ ಕಾದಿದೆ. ಎಡಕ್ಕೆ ತಿರುಗಬೇಕಾದ ಸೈಕಲ್ಲು ನೇರವಾಗಿ ಎಡಕ್ಕೆ ಹೊರಳುವಂತಿಲ್ಲ. ಮೊದಲು ಚೌಕವನ್ನು ನೇರ ದಾಟಿ, ಎದುರು ಮೂಲೆಯಲ್ಲಿ ಬಳಿದ ಬಿಳಿ ಪೆಟ್ಟಿಗೆಯೊಳಗೆ ಸೈಕಲ್ ತಿರುಗಿಸಿ ನಿಂತು, ಅಡ್ಡ ರಸ್ತೆಗೆ ಹಸಿರು ಬಂದಾಗ ಹೋಗಬೇಕು. ಎರಡು ಕಂತಿನ ತಿರುವು. ಎಡಬದಿಯ ಸಂಚಾರದಲ್ಲಿ ಬೆಳೆದ ಕಣ್ಣು ಮೊದಲ ಎರಡು ದಿನ ತಪ್ಪು ಕಡೆಗೇ ನೋಡುತ್ತಿರುತ್ತದೆ.

ಊಟದ ಚಿಂತೆ ಹೆಚ್ಚಿನ ಕನ್ನಡಿಗರಿಗೆ ಮೊದಲು ಬರುವಂಥದ್ದು. ಹಂದಿಮಾಂಸದ ನಾಡು, ನಿಜ. ಆದರೆ ಬೀದಿಯಲ್ಲಿ ಕಣ್ಣಾಡಿಸಿದರೆ ಅಲ್ಲಲ್ಲಿ ಬೋರ್ಡಿನ ಮೇಲೆ ಸ್ವಸ್ತಿಕ ಕಾಣುತ್ತದೆ. ಬೌದ್ಧರ ಗುರುತು ಅದು, ಸಸ್ಯಾಹಾರಿ ಹೋಟೆಲ್ ಎಂದರ್ಥ. ಹಳೆಯ ಪದ್ಧತಿಯ ಹೋಟೆಲಾದರೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಉಡುಪಿಯ ಮಠದ ಊಟ ಉಂಡು ಬೆಳೆದವರು ಅಲ್ಲಿ ತೋಫು ತಿನ್ನುತ್ತಾ ನೆಂಟರ ಮನೆಗೆ ಬಂದ ಹಾಗೆ ಕೂರಬಹುದು.

ಪಿಂಗ್‌ತುಂಗ್ ಬರುತ್ತಿದ್ದಂತೆ ಮಲೆನಾಡಿನವರು ಸೈಕಲ್ ನಿಲ್ಲಿಸುವುದು ಖಾತ್ರಿ. ಎರಡೂ ಕಡೆ ಅಡಿಕೆ ತೋಟ. ತೈವಾನಿನಲ್ಲಿ ಅಡಿಕೆಯನ್ನು ಎಳೆಯದಾಗಿದ್ದಾಗಲೇ, ಹಸಿರಿರುವಾಗಲೇ, ಸುಣ್ಣ ಮತ್ತು ವೀಳ್ಯದೆಲೆ ಸೇರಿಸಿ ಅಗಿಯುತ್ತಾರೆ. ಬೇಯಿಸುವುದು, ಒಣಗಿಸುವುದು, ಸುಲಿದು ರಾಶಿ ಮಾಡುವುದು ಇಲ್ಲ. ಹೆದ್ದಾರಿಯ ಬದಿಯಲ್ಲಿ ಬಣ್ಣದ ದೀಪ ಹಚ್ಚಿದ ಗಾಜಿನ ಗೂಡುಗಳಲ್ಲಿ ಹೆಣ್ಣುಮಕ್ಕಳು ಕೂತು ಅಡಿಕೆ ಕಟ್ಟುತ್ತಾರೆ, ಗಿರಾಕಿಗಳು ಬಹುಪಾಲು ಲಾರಿ ಚಾಲಕರು. ಬಾಯಿ ಕ್ಯಾನ್ಸರಿನ ಕಾರಣದಿಂದ ಅಲ್ಲಿನ ಸರ್ಕಾರ ಅಗಿಯುವವರನ್ನು ಬಿಡಿಸಲು, ತೋಟದವರನ್ನು ಬೇರೆ ಬೆಳೆಗೆ ತಿರುಗಿಸಲು ವರ್ಷಗಳಿಂದ ಹೆಣಗುತ್ತಿದೆ. ತೀರ್ಥಹಳ್ಳಿಯಲ್ಲೋ ಶಿರಸಿಯಲ್ಲೋ ಅಡಿಕೆಯ ಭವಿಷ್ಯದ ಬಗ್ಗೆ ನಡೆಯುವ ಮಾತು ಅಲ್ಲಿ ಬೇರೆ ಭಾಷೆಯಲ್ಲಿ ನಡೆಯುತ್ತಿದೆ, ಅಷ್ಟೇ.

ತುದಿಯ ಹಂಗ್‌ಚುನ್ ಸೀಮೆಯಲ್ಲಿ ಎದುರಾಗುವುದು ಗಾಳಿ. ಈಶಾನ್ಯ ಮಾರುತ ಎಂದರೆ ನಮಗೆ ಹಿಂಗಾರು ಮಳೆ. ತೈವಾನಿನಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಬೀಸುವ ಇದೇ ಹೆಸರಿನ ಮಾರುತ ಸೈಕಲ್ ಸವಾರನ ದಿನಚರಿಯನ್ನೇ ನಿರ್ಧರಿಸುತ್ತದೆ. ಪಶ್ಚಿಮದಲ್ಲಿ ಇಳಿಯುವಾಗ ಅದು ಬೆನ್ನ ಹಿಂದಿನ ಗೆಳೆಯ. ದ್ವೀಪದ ಬೆನ್ನೆಲುಬಿನಂತಿರುವ ಬೆಟ್ಟಸಾಲು ದಕ್ಷಿಣಕ್ಕೆ ಬರುತ್ತಾ ಥಟ್ಟನೆ ತಗ್ಗುತ್ತದೆ. ಅಷ್ಟು ದೂರ ತಡೆದು ನಿಂತ ಗಾಳಿ ಆ ತಗ್ಗಿನ ಮೇಲಿಂದ ಧುಮ್ಮಿಕ್ಕುತ್ತದೆ. ಅದಕ್ಕೆ ಅಲ್ಲಿನವರಿಟ್ಟ ಹೆಸರಿನ ಅರ್ಥ 'ಬೆಟ್ಟ ಇಳಿಯುವ ಗಾಳಿ'. ಪಕ್ಕದಿಂದ ಹೊಡೆದರೆ ಹಗುರ ಸೈಕಲ್ಲು ಒಂದು ಮಾರು ಸರಿದುಹೋಗುತ್ತದೆ. ರೈತರಿಗೆ ಮಾತ್ರ ಈ ಗಾಳಿಯ ಮೇಲೆ ಸಿಟ್ಟಿಲ್ಲ. ಹಂಗ್‌ಚುನ್‌ನ ಈರುಳ್ಳಿ ದೇಶಕ್ಕೇ ಹೆಸರುವಾಸಿ. ಗಾಳಿ ಎಲೆಯನ್ನು ಬಗ್ಗಿಸಿಬಿಡುವುದರಿಂದ ಸತ್ವವೆಲ್ಲ ಗಡ್ಡೆಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

ಶೌಖಾ ಹತ್ತಿ ಇಳಿದರೆ ಪೆಸಿಫಿಕ್. ಅಲ್ಲಿಗೆ ಕಡಲಿನ ಬಣ್ಣವೇ ಬದಲು. ಇಷ್ಟು ದಿನ ಜೊತೆಗಿದ್ದದ್ದು ತೈವಾನ್ ಜಲಸಂಧಿಯ ಆಳವಿಲ್ಲದ, ಬೂದು ಮಿಶ್ರಿತ ನೀರು. ಪೂರ್ವದಲ್ಲಿ ದಂಡೆಯಿಂದ ಸ್ವಲ್ಪ ದೂರದಲ್ಲೇ ಸಮುದ್ರದ ತಳ ಸಾವಿರಾರು ಮೀಟರ್ ಕುಸಿಯುತ್ತದೆ, ಮೇಲೆ ಕುರೊಶಿಯೊ ಪ್ರವಾಹ ಹರಿಯುತ್ತದೆ. ಆ ಹೆಸರಿಗೆ ಜಪಾನಿಯಲ್ಲಿ 'ಕಪ್ಪು ಪ್ರವಾಹ' ಎಂದರ್ಥ. ಕಣ್ಣಿಗೆ ಕಪ್ಪಲ್ಲ, ಶಾಯಿಯ ಬಾಟಲಿ ಮಗುಚಿದಂಥ ನೀಲಿ.

ತೈತುಂಗ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. 11ನೇ ಹೆದ್ದಾರಿ ಕಡಲಿಗೆ ಅಂಟಿಕೊಂಡು ಹೋಗುತ್ತದೆ. 9ನೇ ಹೆದ್ದಾರಿ ಎರಡು ಬೆಟ್ಟಸಾಲುಗಳ ನಡುವಿನ ಉದ್ದನೆಯ ಕಣಿವೆಯಲ್ಲಿ ಹೋಗುತ್ತದೆ. ಈ ಎರಡು ದಾರಿಯ ನಡುವೆ ನಿಂತ ಕಡಲಂಚಿನ ಬೆಟ್ಟಸಾಲು ಒಂದು ಕಾಲಕ್ಕೆ ತೈವಾನಿಗೆ ಸೇರಿದ್ದೇ ಅಲ್ಲ. ಫಿಲಿಪ್ಪೀನ್ ಸಮುದ್ರ ಭೂಫಲಕದ ಮೇಲಿದ್ದ ಜ್ವಾಲಾಮುಖಿ ದ್ವೀಪಗಳು ತೇಲಿ ಬಂದು ಯುರೇಷ್ಯಾ ಫಲಕಕ್ಕೆ ಒತ್ತಿಕೊಂಡಿವೆ. ಕಣಿವೆ ಎಂಬುದು ಆ ಹೊಲಿಗೆ. ಒತ್ತಾಟ ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು 8 ಸೆಂಟಿಮೀಟರ್, ಉಗುರು ಬೆಳೆಯುವುದಕ್ಕಿಂತ ಬೇಗ.

ಕಣಿವೆಯ ಯೂಲಿ ಊರಿನ ಬಳಿ ಹಳೆಯ ರೈಲುಹಾದಿಯನ್ನು ಸೈಕಲ್ ದಾರಿ ಮಾಡಿದ್ದಾರೆ. ಆ ಹಾದಿಯ ಸೇತುವೆ ಸರಿಯಾಗಿ ಎರಡು ಫಲಕಗಳ ಗಡಿಯ ಮೇಲಿದೆ. ನೆಲದ ಚಲನೆ ಸೇತುವೆಯನ್ನು ಏರುಪೇರು ಮಾಡುತ್ತಿದ್ದುದರಿಂದ ರೈಲನ್ನು ಬೇರೆ ಹಳಿಗೆ ಸರಿಸಿ, ಹಳೆಯದನ್ನು ಸೈಕಲ್ಲಿಗೆ ಬಿಟ್ಟುಕೊಟ್ಟರು. ಸೇತುವೆಯ ಮೇಲೆ ಗಡಿಯ ಗುರುತಿದೆ. ಮುಂದಿನ ಚಕ್ರ ಒಂದು ಫಲಕದಲ್ಲಿ, ಹಿಂದಿನದು ಇನ್ನೊಂದರಲ್ಲಿ ಇಟ್ಟು ಫೋಟೊ ತೆಗೆಸಿಕೊಳ್ಳುವ ಸಾಲು ಅಲ್ಲಿ ಸಾಮಾನ್ಯ. ನಗುತ್ತಾ ನಿಂತವರಿಗೆ ಸ್ಥಳೀಯರು 2022ರ ಸೆಪ್ಟೆಂಬರ್ ನೆನಪಿಸಬಲ್ಲರು. ಆ ತಿಂಗಳ 18ರ ಭೂಕಂಪದಲ್ಲಿ ಯೂಲಿಯ ಸಮೀಪದ ದೊಡ್ಡ ಸೇತುವೆಯೊಂದು ನದಿಗೆ ಮಲಗಿತು.

ಇದೇ ಕಣಿವೆಯ ಛಿಶಾಂಗ್ ಎಂಬ ಊರು ಭತ್ತಕ್ಕೆ ಪ್ರಸಿದ್ಧ. ತೆಳು ಮರದ ಡಬ್ಬಿಯಲ್ಲಿ ಅನ್ನ, ಪಲ್ಯ, ಮಾಂಸ ತುಂಬಿ ರೈಲು ನಿಲ್ದಾಣದಲ್ಲಿ ಮಾರುತ್ತಾ ಬಂದ ಬುತ್ತಿ ಈಗ ದೇಶದಾದ್ಯಂತ ಆ ಊರಿನ ಹೆಸರಿನಲ್ಲೇ ಸಿಗುತ್ತದೆ. ಕಡಲ ದಾರಿ ಹಿಡಿದವರಿಗೆ ಬೇರೆ ಲಾಭ. ಮೂರು ಬಂಡೆಗಳ ದ್ವೀಪಕ್ಕೆ ಎಂಟು ಕಮಾನಿನ ಕಾಲುಸೇತುವೆ, ತುಂಗ್‌ಹೆ ಊರಿನ ಬಿಸಿ ಆವಿಯ ಕಡುಬಿನಂಥ ಹೂರಣದ ಬನ್ನು, ದಾರಿಯುದ್ದಕ್ಕೂ ಅಮಿಸ್ ಬುಡಕಟ್ಟಿನ ಹಳ್ಳಿಗಳು. ಎರಡರಲ್ಲಿ ಯಾವುದು ಹಿತ ಎಂಬ ಜಗಳ ತಂಡಗಳಲ್ಲಿ ಮುಗಿಯುವುದಿಲ್ಲ. ಕಡಲ ದಾರಿಯಲ್ಲಿ ಏರಿಳಿತ ಹೆಚ್ಚು, ಚಳಿಗಾಲದಲ್ಲಿ ಎದುರುಗಾಳಿ ಕೂಡ ಹೆಚ್ಚು. ಪಶ್ಚಿಮದಲ್ಲಿ ಬೆನ್ನು ತಟ್ಟಿದ ಅದೇ ಮಾರುತ ಇಲ್ಲಿ ಎದೆಗೆ ಕೈ ಕೊಡುತ್ತದೆ. ಮುಂದಾಳು ಆಗ ಸಾಲನ್ನು ಬಿಗಿ ಮಾಡುತ್ತಾನೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮೊಳದ ಅಂತರವಿದ್ದರೆ ಹಿಂದಿನವನ ಶ್ರಮದಲ್ಲಿ ಕಾಲುಭಾಗದಷ್ಟು ಉಳಿತಾಯ. ಮೂರು ದಿನದ ಹಿಂದೆ ಪೈಪೋಟಿಗೆ ಬಿದ್ದವರು ಈಗ ಒಬ್ಬರ ಬೆನ್ನಿಗೆ ಒಬ್ಬರು ಅಡಗುತ್ತಾರೆ.

ಹ್ವಾಲಿಯೆನ್ ದಾಟಿದ ಮೇಲೆ ಇಡೀ ದ್ವೀಪದಲ್ಲೇ ಅತಿ ಸುಂದರ ಎನ್ನುವ ತೀರವಿದೆ. ಛಿಂಗ್‌ಶ್ವೇ ಬಂಡೆಗಳು ಎಂಟುನೂರು ಮೀಟರಿಗೂ ಎತ್ತರದಿಂದ ನೇರ ನೀರಿಗೆ ಇಳಿದಿವೆ, ಅವುಗಳ ಪಕ್ಕೆಯಲ್ಲಿ ಸುಹ್ವಾ ರಸ್ತೆ ಕೊರೆದಿದೆ. ವಿಪರ್ಯಾಸವೆಂದರೆ ಬಹುತೇಕ ತಂಡಗಳು ಇಲ್ಲಿ ಸೈಕಲ್ಲನ್ನು ರೈಲಿಗೆ ಹಾಕುತ್ತವೆ. ಇಕ್ಕಟ್ಟು ತಿರುವು, ಕತ್ತಲ ಸುರಂಗ, ಮೇಲಿಂದ ಉರುಳುವ ಕಲ್ಲು, ಕಲ್ಲಿಗಿಂತ ಭಾರದ ಲಾರಿಗಳು. ಹೊಸದಾಗಿ ಕೊರೆದ ಉದ್ದದ ಸುರಂಗಗಳೊಳಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. 2024ರ ಏಪ್ರಿಲ್ 3ರ ಭೂಕಂಪ ಇದೇ ಪ್ರದೇಶವನ್ನು ಅಲುಗಿಸಿ, ಪಕ್ಕದ ತರೊಕೊ ಕಮರಿಯ ರಸ್ತೆಗಳನ್ನು ಹೂತುಹಾಕಿತು. 'ಇಷ್ಟು ದೂರ ಬಂದು ಇದೊಂದನ್ನು ಬಿಡುವುದೇ' ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ವಾದಿಸುತ್ತಾರೆ. ಮಾರ್ಗದರ್ಶಿ ವಾದಕ್ಕೆ ಇಳಿಯುವುದಿಲ್ಲ, ರೈಲಿನ ಟಿಕೆಟ್ ಹಂಚುತ್ತಾನೆ. ಕಿಟಕಿಯಿಂದ ಬಂಡೆ ಒಂದು ಕ್ಷಣ ಕಾಣುತ್ತದೆ, ಸುರಂಗ ಬಂದು ನುಂಗುತ್ತದೆ, ಮತ್ತೆ ಒಂದು ಕ್ಷಣ ಕಾಣುತ್ತದೆ. ದ್ವೀಪದ ಸುತ್ತಿನಲ್ಲಿ ಅಷ್ಟು ಭಾಗ ತುಳಿಯದೇ ಉಳಿದುಬಿಡುತ್ತದೆ.

ಕೊನೆಯ ದಿನ ಯೀಲಾನ್ ಕಡೆಯಿಂದ ಬರುವಾಗ ಸಿಗುವ ಸುರಂಗ ಮಾತ್ರ ಸೈಕಲ್ಲಿಗೇ ಮೀಸಲು. ಹಳೆಯ ತ್ಸಾವ್‌ಲಿಂಗ್ ಸುರಂಗ ಜಪಾನೀಯರ ಆಳ್ವಿಕೆಯಲ್ಲಿ, 1924ರಲ್ಲಿ ಮುಗಿದ ರೈಲು ಸುರಂಗ. ಉದ್ದ 2,167 ಮೀಟರ್. ಜೋಡಿಹಳಿಯ ಹೊಸ ಸುರಂಗ ಬಂದ ಮೇಲೆ ಪಾಳುಬಿದ್ದಿದ್ದು 2008ರಲ್ಲಿ ಸೈಕಲ್ ದಾರಿಯಾಗಿ ತೆರೆಯಿತು. ಬಿಸಿಲಿನಿಂದ ಒಳಗೆ ನುಗ್ಗಿದರೆ ಬಾವಿಗೆ ಇಳಿದ ತಂಪು. ಇಟ್ಟಿಗೆಯ ಕಮಾನಿನಿಂದ ನೀರು ತೊಟ್ಟಿಕ್ಕುತ್ತದೆ. ಒಂಬತ್ತು ದಿನ ಗಾಳಿಯ ಸದ್ದಿನಲ್ಲಿ ಕೇಳಿಸದೇ ಹೋದ ಚೈನಿನ ಕಿರಿಕಿರಿ ಇಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕೇಳಿಸುತ್ತದೆ.

ಸಂಜೆ ತೈಪೆಯಲ್ಲಿ ಸೈಕಲ್ ಮರಳಿಸುವಾಗ ಮೆಕ್ಯಾನಿಕ್ ನೋಡುವುದೂ ಆ ಚೈನನ್ನೇ. ಪೂರ್ವ ಕರಾವಳಿಯ ಉಪ್ಪುಗಾಳಿ ಚೈನಿನ ಕೊಂಡಿಗಳಲ್ಲಿ, ಬ್ರೇಕಿನ ಸ್ಕ್ರೂಗಳಲ್ಲಿ ಬಿಳಿಯ ಹುಡಿಯಾಗಿ ಕೂತಿರುತ್ತದೆ, ಒಂದು ರಾತ್ರಿ ಬಿಟ್ಟರೆ ತುಕ್ಕು. ಸವಾರರು ಮೀಟರ್ ಹೋಲಿಸುತ್ತಾ, ಒಬ್ಬರದ್ದು ಇನ್ನೊಬ್ಬರದ್ದಕ್ಕಿಂತ ಹತ್ತು ಕಿಲೋಮೀಟರ್ ಹೆಚ್ಚು ಹೇಗಾಯಿತೆಂದು ತಕರಾರು ತೆಗೆಯುತ್ತಿರುತ್ತಾರೆ. ಅವನು ಸಿಹಿನೀರಿನ ಪೈಪು ಹಿಡಿದು ಒಂದೊಂದೇ ಸೈಕಲ್ಲನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೆಡಲನ್ನು ಹಿಮ್ಮುಖ ತಿರುಗಿಸುತ್ತಾ ಕೊಂಡಿಗೊಂದರಂತೆ ತೊಟ್ಟು ತೊಟ್ಟಾಗಿ ಎಣ್ಣೆ ಹಾಕುತ್ತಾನೆ.